ಕೊಳಗದ ಲೆಕ್ಕ ಕೇಳಿದವರ ಜೊತೆ ನಿಂತ ಶಾಂತವೇರಿ ಗೋಪಾಲಗೌಡರು



ಈ ಪುಟದಲ್ಲಿ ನೀವು ವಾರವಾರವೂ ಬೀಜ, ಗೊಬ್ಬರ, ಕೀಟಬಾಧೆಗಳ ವಿಷಯ ಓದುತ್ತೀರಿ. ಆದರೆ ಬೀಜ ಬಿತ್ತುವುದಕ್ಕೆ ಮೊದಲು ಕಾಲೂರಿ ನಿಲ್ಲಲು ಹೊಲ ಬೇಕು. ಆ ಹೊಲ ನಿಮ್ಮದೆಂದು ಹೇಳುವ ಕಾಗದವೂ ಬೇಕು. ಭಾನುವಳ್ಳಿಯಂಥ ಊರುಗಳಲ್ಲಿ ಇಂದು ಎರಡೆಕರೆ, ಮೂರೆಕರೆ ಗದ್ದೆಯ ಪಹಣಿಯನ್ನು ತನ್ನ ಹೆಸರಿನಲ್ಲಿ ಇಟ್ಟುಕೊಂಡಿರುವ ಎಷ್ಟೋ ಮನೆಗಳ ಹಿರಿಯರು ಒಂದು ಕಾಲಕ್ಕೆ ಗೇಣಿದಾರರಾಗಿದ್ದರು. ಆ ಪಹಣಿ ತಾನಾಗಿ ಮನೆಬಾಗಿಲಿಗೆ ಬರಲಿಲ್ಲ. ಅದಕ್ಕಾಗಿ ನೇಗಿಲು ಹೊತ್ತು ಗದ್ದೆಗಿಳಿದು, ಅಲ್ಲಿಂದ ನೇರವಾಗಿ ಸೆರೆಮನೆಗೆ ನಡೆದ ಜನರಿದ್ದರು. ಅವರ ಜೊತೆ ನಿಂತ ನಾಯಕರಲ್ಲಿ ಮುಖ್ಯರಾದ ಶಾಂತವೇರಿ ಗೋಪಾಲಗೌಡರ ಜೀವನವನ್ನು ಈ ವಾರ ತಿಳಿಯೋಣ.

ಹುಟ್ಟು ಮತ್ತು ವಿದ್ಯಾರ್ಥಿ ಜೀವನ

ನಮ್ಮ ಹರಿಹರದಿಂದ ಮಲೇಬೆನ್ನೂರು, ಹೊನ್ನಾಳಿ ದಾಟಿದರೆ ಶಿವಮೊಗ್ಗ. ಅಲ್ಲಿಂದ ಮುಂದೆ ಮಲೆನಾಡು. ತೀರ್ಥಹಳ್ಳಿ ತಾಲ್ಲೂಕಿನ ಆರಗ ಎಂಬ ಊರಿನಲ್ಲಿ 1923ರ ಮಾರ್ಚ್ 14ರಂದು ಗೋಪಾಲಗೌಡರು ಹುಟ್ಟಿದರು. ಬಡ ಒಕ್ಕಲು ಮನೆತನ. ಮಲೆನಾಡಿನಲ್ಲಿ ಮಳೆ ಹೆಚ್ಚು, ಕಾಡು ಹೆಚ್ಚು. ಭತ್ತದ ಗದ್ದೆ ಮತ್ತು ಅಡಿಕೆ ತೋಟಗಳೇ ಬದುಕು. ಆದರೆ ಭೂಮಿ ಕೆಲವೇ ಮನೆಗಳ ಕೈಯಲ್ಲಿತ್ತು. ಉಳುವವನೊಬ್ಬ, ಫಲ ತೆಗೆದುಕೊಳ್ಳುವವನೊಬ್ಬ. ಬಾಲಕ ಗೋಪಾಲ ಕಣ್ಣುಬಿಟ್ಟು ಕಂಡದ್ದು ಈ ಲೋಕವನ್ನು.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಬಂದಾಗ ಅವರಿನ್ನೂ ವಿದ್ಯಾರ್ಥಿ. ಚಳವಳಿಗೆ ಧುಮುಕಿ ಜೈಲು ಕಂಡರು. ಅದೇ ವರ್ಷ ಅದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಏನಾಯಿತೆಂಬುದು ನಿಮಗೆ ಗೊತ್ತಿದೆ. ಊರಿನವರಿಗೂ ಅಧಿಕಾರಿಗಳಿಗೂ ಘರ್ಷಣೆಯಾಗಿ ಅಮಲ್ದಾರರು ಮತ್ತು ಪೊಲೀಸ್ ಅಧಿಕಾರಿಯೊಬ್ಬರು ಸತ್ತರು. ಊರು ಸರ್ಕಾರದ ಕೋಪಕ್ಕೆ ಈಡಾಯಿತು. 1943ರ ಮಾರ್ಚ್ ತಿಂಗಳಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಈಸೂರಿನ ಜನರ ಧೈರ್ಯವನ್ನು ನಾಡು ಇಂದಿಗೂ ನೆನೆಯುತ್ತದೆ. ಆದರೆ ರಕ್ತ ಹರಿದ ಕಡೆ ಸರ್ಕಾರದ ಕೈ ಎಷ್ಟು ಭಾರವಾಗಿ ಬೀಳುತ್ತದೆಂಬುದನ್ನೂ ಆ ಜಿಲ್ಲೆ ಕಂಡಿತು. ಒಂಬತ್ತು ವರ್ಷಗಳ ನಂತರ ಕಾಗೋಡಿನಲ್ಲಿ ರೈತರು ಬರಿಗೈಯಲ್ಲಿ ಹೋದುದನ್ನು ಓದುವಾಗ ಇದನ್ನು ನೆನಪಿನಲ್ಲಿಡಿ.

ಸ್ವಾತಂತ್ರ್ಯ ಬಂದ ಮೇಲೆ ಗೋಪಾಲಗೌಡರು ಅಧಿಕಾರದ ಪಕ್ಷದ ಕಡೆಗೆ ಹೋಗಲಿಲ್ಲ. ಸಮಾಜವಾದಿ ಪಕ್ಷ ಸೇರಿದರು. ಡಾ. ರಾಮಮನೋಹರ ಲೋಹಿಯಾ ಅವರ ವಿಚಾರಗಳು ಅವರಿಗೆ ಹಿಡಿಸಿದವು. ಆಳುವವರು ಬ್ರಿಟಿಷರಿರಲಿ, ನಮ್ಮವರೇ ಇರಲಿ, ಉಳುವವನ ಪಾಡು ಬದಲಾಗದಿದ್ದರೆ ಸ್ವಾತಂತ್ರ್ಯ ಅರ್ಧವೇ ಎಂಬುದು ಅವರ ನಂಬಿಕೆಯಾಗಿತ್ತು.

ಕೊಳಗದ ಲೆಕ್ಕ

ಸಾಗರ ತಾಲ್ಲೂಕಿನ ಕಾಗೋಡು ಒಂದು ಸಣ್ಣ ಹಳ್ಳಿ. ಅಲ್ಲಿ ಭೂಮಾಲೀಕರು ಕೆ.ಜಿ. ಒಡೆಯರ್. ಗೇಣಿಗೆ ಉಳುವವರಲ್ಲಿ ಹೆಚ್ಚಿನವರು ದೀವರ ಜನ. ತಲೆಮಾರುಗಳಿಂದ ಉಳುತ್ತ ಬಂದಿದ್ದರೂ ಅವರ ಕೈಯಲ್ಲಿ ಚೂರು ಕಾಗದವಿರಲಿಲ್ಲ. ಗೇಣಿ ಅಳೆದುಕೊಟ್ಟರೆ ರಸೀದಿ ಇರಲಿಲ್ಲ. ಮಾಲೀಕರ ಮನೆಯಲ್ಲಿ ಬಿಟ್ಟಿ ದುಡಿಮೆ ಬೇರೆ ಇರುತ್ತಿತ್ತು. ಉಡುವ ಬಟ್ಟೆ ಮೊಣಕಾಲಿನಿಂದ ಕೆಳಗೆ ಇಳಿಯಬಾರದೆಂಬಂಥ ಕಟ್ಟುಕಟ್ಟಳೆಗಳೂ ಇದ್ದವು.

ಜಗಳ ಹತ್ತಿದ್ದು ಅಳತೆಯ ವಿಷಯದಲ್ಲಿ. ಭತ್ತದ ಗೇಣಿ ಅಳೆಯುವುದು ಕೊಳಗದಲ್ಲಿ. ಕೊಳಗಕ್ಕೆ ಮೂರು ಸೇರು ಎಂಬುದು ಒಪ್ಪಿತವಾದ ಅಳತೆ. ಆದರೆ ಮಾಲೀಕರ ಅಂಗಳದಲ್ಲಿ ಗೇಣಿ ತೆಗೆದುಕೊಳ್ಳುವ ಕೊಳಗ ಅದಕ್ಕಿಂತ ದೊಡ್ಡದಾಗಿರುತ್ತಿತ್ತು. ಇದು ಚಿಕ್ಕ ವಿಷಯವೆಂದು ಕಾಣಬಹುದು. ಲೆಕ್ಕ ಹಾಕಿ ನೋಡಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಮೂರು ಸೇರಿನ ಕೊಳಗವಾದರೆ ಖಂಡುಗಕ್ಕೆ 60 ಸೇರು. ಕೊಳಗ ಅರ್ಧ ಸೇರು ಹೆಚ್ಚಾದರೆ ಖಂಡುಗಕ್ಕೆ 70 ಸೇರು. ಹತ್ತು ಖಂಡುಗ ಗೇಣಿ ಕೊಡುವ ಸಂಸಾರ ಮಾತಿಗೆ ಹತ್ತು ಖಂಡುಗವನ್ನೇ ಕೊಡುತ್ತದೆ, ಆದರೆ 100 ಸೇರು ಭತ್ತ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಮಳೆಗಾಲದ ಕೊನೆಯಲ್ಲಿ ಹಳೆಯ ಭತ್ತ ಮುಗಿದು ಹೊಸದು ಇನ್ನೂ ಬಾರದ ದಿನಗಳಲ್ಲಿ 100 ಸೇರು ಭತ್ತವೆಂದರೆ ಮನೆಮಂದಿಯ ಹಲವು ವಾರಗಳ ಊಟ.

ಈ ಲೆಕ್ಕವನ್ನು ಬಾಯಿಬಿಟ್ಟು ಕೇಳುವಂತೆ ಗೇಣಿದಾರರನ್ನು ಒಗ್ಗೂಡಿಸಿದವರು ಎಚ್. ಗಣಪತಿಯಪ್ಪನವರು. ಅವರು ಮೇಷ್ಟರಾಗಿದ್ದವರು. ಸಾಗರ ತಾಲ್ಲೂಕಿನಲ್ಲಿ ರೈತ ಸಂಘ ಕಟ್ಟಿ ಹಳ್ಳಿಹಳ್ಳಿ ತಿರುಗಿದರು. ಗೇಣಿದಾರರು ಸರಿಯಾದ ಕೊಳಗದಲ್ಲಿ ಅಳೆದು ಕೊಡುತ್ತೇವೆ, ಕೊಟ್ಟದ್ದಕ್ಕೆ ರಸೀದಿ ಕೊಡಿ ಎಂದರು. ಮಾಲೀಕರು ಒಪ್ಪಲಿಲ್ಲ. ಕೇಳಿದವರು ಗದ್ದೆಗೆ ಇಳಿಯಕೂಡದೆಂದು ತಡೆದರು. ಅಳತೆಯ ಜಗಳ ಭೂಮಿಯ ಜಗಳವಾಯಿತು.

ನೇಗಿಲು ಹೊತ್ತು ಸೆರೆಮನೆಗೆ

1951ರ ಏಪ್ರಿಲ್ 18ರಂದು ಕಾಗೋಡಿನ ಗೇಣಿದಾರರು ತಾವು ಉಳುತ್ತಿದ್ದ ಗದ್ದೆಗಳಿಗೆ ನೇಗಿಲು ಹೊತ್ತು ಇಳಿದರು. ದಿನವನ್ನು ಗಮನಿಸಿ. ಅದು ಅಶ್ವಿನಿ ಮಳೆಯ ಕಾಲ. ಮೊದಲ ಮಳೆಗೆ ನೆಲ ಹದವಾಗುವ ಹೊತ್ತು. ಈಗ ಉಳದಿದ್ದರೆ ಮುಂದೆ ಬಿತ್ತನೆ ಇಲ್ಲ, ಬಿತ್ತನೆ ಇಲ್ಲದಿದ್ದರೆ ವರ್ಷದ ಕೂಳಿಲ್ಲ. ರೈತನಿಗೆ ಬೇರೆ ಯಾವ ತಿಂಗಳಿನಲ್ಲಿ ಬೇಕಾದರೂ ಸೆರೆಮನೆಗೆ ಹೋಗಲು ಪುರಸೊತ್ತು ಇರಬಹುದು, ಈ ತಿಂಗಳುಗಳಲ್ಲಿ ಇರುವುದಿಲ್ಲ. ಅಂಥ ಕಾಲದಲ್ಲೇ ಅವರು ಹೊರಟರು.

ಅವರ ಕೈಯಲ್ಲಿ ದೊಣ್ಣೆ ಇರಲಿಲ್ಲ. ಕತ್ತಿ ಇರಲಿಲ್ಲ. ಗದ್ದೆಗೆ ಇಳಿಯುವುದು, ಉಳಲು ತೊಡಗುವುದು, ಪೊಲೀಸರು ಬಂದರೆ ತಳ್ಳಾಟವಿಲ್ಲದೆ ಅವರೊಡನೆ ನಡೆಯುವುದು. ಮರುದಿನ ಇನ್ನೊಂದು ತಂಡ. ಇಷ್ಟೇ ಅವರ ಸತ್ಯಾಗ್ರಹ. ಗಂಡಸರು ಸೆರೆಮನೆ ಸೇರಿದಾಗ ಮಕ್ಕಳು, ದನಕರು, ಹಟ್ಟಿಯ ಗೊಬ್ಬರ, ತರಕಾರಿ ಹಿತ್ತಲು ಎಲ್ಲವನ್ನೂ ಹೆಂಗಸರು ನೋಡಿಕೊಂಡರು. ಸೆರೆಮನೆಗೆ ಹೋದವರ ಹೆಸರುಗಳಾದರೂ ದಾಖಲೆಗಳಲ್ಲಿ ಉಳಿದವು. ಮನೆ ಉಳಿಸಿದ ಇವರ ದುಡಿಮೆಯನ್ನು ಯಾರೂ ಬರೆದಿಡಲಿಲ್ಲ.

ಚಳವಳಿ ಆರಂಭವಾದ ಸ್ವಲ್ಪ ದಿನಗಳಲ್ಲೇ ಸಮಾಜವಾದಿ ಪಕ್ಷ ಅದನ್ನು ತನ್ನದಾಗಿ ಮಾಡಿಕೊಂಡಿತು. ಆಗ 28 ವರ್ಷದ ಗೋಪಾಲಗೌಡರು ಅದರ ಮುಂಚೂಣಿಗೆ ಬಂದರು. ಅವರು ಬಂದದ್ದರಿಂದ ಎರಡು ಲಾಭಗಳಾದವು. ಮೊದಲನೆಯದು, ಕಾಗೋಡಿನ ಹೊರಗಿನ ಜನರೂ ಸತ್ಯಾಗ್ರಹಕ್ಕೆ ಬರತೊಡಗಿದರು. ಎರಡನೆಯದು, ಒಂದು ಹಳ್ಳಿಯ ಕೊಳಗದ ಜಗಳ ಇಡೀ ಮೈಸೂರು ರಾಜ್ಯದ ಗೇಣಿದಾರರ ಪ್ರಶ್ನೆಯಾಯಿತು. ಉಳುವವನಿಗೇ ಭೂಮಿ ಸೇರಬೇಕೆಂಬ ಮಾತು ಹಳ್ಳಿಯಿಂದ ಪಟ್ಟಣಕ್ಕೆ, ಪಟ್ಟಣದಿಂದ ಬೆಂಗಳೂರಿಗೆ ಹೋಯಿತು.

ಸರ್ಕಾರದ ಬಿಗಿ

ಆಗಿನ ಮೈಸೂರು ಸರ್ಕಾರ ಇದನ್ನು ಹೇಗೆ ನೋಡಿತು? ಕಾನೂನಿನ ಕಣ್ಣಿನಲ್ಲಿ ಭೂಮಿ ಮಾಲೀಕರದು. ಕಾಗದವಿಲ್ಲದ ಗೇಣಿದಾರ ಗದ್ದೆಗೆ ಇಳಿದರೆ ಅದು ಅತಿಕ್ರಮ ಪ್ರವೇಶ. ಹೀಗೆಂದು ಪೊಲೀಸರು ಕಾಗೋಡಿನಲ್ಲಿ ಬೀಡುಬಿಟ್ಟರು. ನೂರಾರು ಮಂದಿಯನ್ನು ಬಂಧಿಸಿದರು. ಸೆರೆಮನೆ ತುಂಬಿತು. ಹಳ್ಳಿಯಲ್ಲಿ ಹೊಡೆತ ಬಡಿತಗಳಾದವು. ಗೋಪಾಲಗೌಡರೂ ಸೆರೆಮನೆ ಸೇರಿದರು. 1951ರ ಜೂನ್ ತಿಂಗಳಲ್ಲಿ ಡಾ. ಲೋಹಿಯಾ ಅವರೇ ಸಾಗರಕ್ಕೆ ಬಂದು ಸತ್ಯಾಗ್ರಹಕ್ಕೆ ಕೈಜೋಡಿಸಿದರು. ಅವರನ್ನೂ ಬಂಧಿಸಲಾಯಿತು. ಅಶ್ವಿನಿಯಲ್ಲಿ ಹತ್ತಿದ ಬೆಂಕಿ ಮೃಗಶಿರಾ ಮಳೆ ಹಿಡಿದರೂ ಆರಿರಲಿಲ್ಲ.

ಇಲ್ಲಿ ಒಂದು ವಿಷಯವನ್ನು ನೀವು ಚೆನ್ನಾಗಿ ಗಮನಿಸಬೇಕು. ಚಳವಳಿಯನ್ನು ಅಡಗಿಸಲು ಸರ್ಕಾರಕ್ಕೆ ಲಾಠಿಗಿಂತ ದೊಡ್ಡ ಸಹಾಯ ಮಾಡುವುದು ಕಾಲ. ಉಳುವ ಸಮಯ ದಾಟಿಸಿದರೆ ಸಾಕು, ರೈತ ಅರ್ಧ ಸೋತಂತೆ. ಸೆರೆಮನೆಯಲ್ಲಿ ಕುಳಿತವನಿಗೆ ಹೊರಗೆ ಬೀಳುವ ಒಂದೊಂದು ಮಳೆಯೂ ಎದೆಗೆ ಬಡಿಯುತ್ತದೆ. ಕೂಲಿಗೆ ಹೋಗಬೇಕು, ಸಾಲ ತೀರಿಸಬೇಕು, ಮಕ್ಕಳಿಗೆ ಉಣ್ಣಿಸಬೇಕು. ತಿಂಗಳುಗಟ್ಟಲೆ ಜನ ಹೀಗೆ ಹೋಗಿ ಬಂದು ಮಾಡಲಾರರು. ಕಾಗೋಡಿನಲ್ಲೂ ಚಳವಳಿಯ ಬಿಸಿ ಕಡಿಮೆಯಾಗುತ್ತ ಬಂತು. ಆ ವರ್ಷ ಗೇಣಿದಾರರಿಗೆ ಭೂಮಿ ಸಿಗಲಿಲ್ಲ. ಆ ದಿನ ಲೆಕ್ಕ ಹಾಕಿದವರು ರೈತರು ಸೋತರೆಂದೇ ಬರೆದುಕೊಂಡಿರಬೇಕು.

ಆದರೆ ಸೋಲು ಗೆಲುವಿನ ಲೆಕ್ಕ ಅಷ್ಟು ಬೇಗ ಮುಗಿಯಲಿಲ್ಲ. ಗೇಣಿದಾರರ ಕಡೆಯಿಂದ ರಕ್ತ ಹರಿಯಲಿಲ್ಲ. ಆದ್ದರಿಂದ ಇವರು ಗಲಭೆಕೋರರೆಂದು ತೋರಿಸಿ ಪ್ರಶ್ನೆಯನ್ನೇ ಮುಚ್ಚಿಹಾಕುವ ದಾರಿ ಸರ್ಕಾರಕ್ಕೆ ಸಿಗಲಿಲ್ಲ. ತನ್ನ ನೇಗಿಲಿನಿಂದ ತಾನು ಉಳುತ್ತಿದ್ದ ಗದ್ದೆಯನ್ನು ಉತ್ತದ್ದಕ್ಕೆ ಒಬ್ಬ ಮನುಷ್ಯ ಸೆರೆಮನೆಯಲ್ಲಿದ್ದಾನೆ ಎಂಬ ಒಂದೇ ಸಂಗತಿ ಉಳಿಯಿತು. ಅದಕ್ಕೆ ಉತ್ತರ ಕೊಡಬೇಕಾದವರು ಆಳುವವರು.

ಮತಪೆಟ್ಟಿಗೆಯ ತೀರ್ಪು

1952ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ನಿಂತು ಗೆದ್ದು ವಿಧಾನಸಭೆ ಸೇರಿದರು. ಕೈಯಲ್ಲಿ ಹಣವಿರಲಿಲ್ಲ. ಮತದ ಜೊತೆಗೆ ಕೈಲಾದ ಹಣವನ್ನೂ ಜನರಿಂದಲೇ ಬೇಡಿ ಚುನಾವಣೆ ಮಾಡುವುದು ಅವರ ಪದ್ಧತಿ. ಮತದಾರನಿಗೆ ಹಣ ಕೊಡುವುದನ್ನು ಕಂಡಿರುವ ಇಂದಿನವರಿಗೆ ಇದು ತಲೆಕೆಳಗಾದ ವ್ಯವಹಾರದಂತೆ ಕಾಣಬಹುದು. ಅದೇ ಚುನಾವಣೆಯಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಹೋದವರು ಕಾಂಗ್ರೆಸ್ಸಿನ ಕೆ.ಜಿ. ಒಡೆಯರ್ ಅವರು. ಗೇಣಿದಾರರ ನಾಯಕ ಬೆಂಗಳೂರಿಗೆ, ಭೂಮಾಲೀಕರು ದೆಹಲಿಗೆ. ಜನರ ಮನಸ್ಸು ಆಗಿನ್ನೂ ಎರಡು ಕಡೆ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೂ ಚಕ್ರ ತಿರುಗತೊಡಗಿತ್ತು. 1952ರಲ್ಲೇ ಮೈಸೂರು ಗೇಣಿ ಕಾಯ್ದೆ ಬಂತು. ಆಗ ಕಂದಾಯ ಮಂತ್ರಿಗಳಾಗಿದ್ದವರು ತೀರ್ಥಹಳ್ಳಿಯವರೇ ಆದ ಕಡಿದಾಳ್ ಮಂಜಪ್ಪನವರು. ಅವರು ಆಳುವ ಪಕ್ಷದವರು. ಆದರೂ ಒಕ್ಕಲಿನ ಕಷ್ಟ ಬಲ್ಲವರು. ಹೊರಗೆ ಚಳವಳಿ ಮಾಡುವವರೂ ಒಳಗೆ ಕಾನೂನು ಬರೆಯುವವರೂ ಬೇಕಾಗುತ್ತಾರೆಂಬುದಕ್ಕೆ ಇದು ನಿದರ್ಶನ. ಆ ಕಾಯ್ದೆ ಗೇಣಿಗೆ ಮಿತಿ ಹಾಕಿತೇ ಹೊರತು ಉಳುವವನನ್ನು ಒಡೆಯನನ್ನಾಗಿ ಮಾಡಲಿಲ್ಲ. ಮುಂದೆ 1961ರಲ್ಲಿ ಭೂಸುಧಾರಣಾ ಕಾಯ್ದೆ ಆಯಿತು. ಅದು ಜಾರಿಗೆ ಬಂದದ್ದು 1965ರಲ್ಲಿ. ಅದರಲ್ಲೂ ಮಾಲೀಕರಿಗೆ ನುಸುಳಲು ಸಂದುಗಳಿದ್ದವು.

ಗೋಪಾಲಗೌಡರು 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಸದನದಲ್ಲಿ ಅವರು ಕನ್ನಡದಲ್ಲಿ ಗುಡುಗುತ್ತಿದ್ದರು. ಭೂಮಿಯಿಲ್ಲದವರ ವಿಷಯ ಬಂದರೆ ಮಂತ್ರಿ, ಸಭಾಪತಿ ಎಂದು ನೋಡುತ್ತಿರಲಿಲ್ಲ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬೇಕೆಂದು ಪಟ್ಟು ಹಿಡಿದವರಲ್ಲಿ ಅವರೂ ಒಬ್ಬರು. ಸಾಹಿತ್ಯ, ಸಂಗೀತ ಎಂದರೆ ಪ್ರಾಣ. ಅವರ ಬದುಕಿನ ಎಳೆ ಹಿಡಿದು ಯು.ಆರ್. ಅನಂತಮೂರ್ತಿಯವರು ‘ಅವಸ್ಥೆ’ ಎಂಬ ಕಾದಂಬರಿ ಬರೆದರು. ಮೂರು ಸಲ ಶಾಸಕರಾಗಿಯೂ ಅವರು ಆಸ್ತಿ ಮಾಡಲಿಲ್ಲ. ಮದುವೆಯಾದದ್ದೂ ನಲವತ್ತು ದಾಟಿದ ಮೇಲೆ, 1964ರಲ್ಲಿ.

ಅವರ ನೆರಳಿನಲ್ಲಿ ಬೆಳೆದವರು ಹಲವರು. ಇಂದಿನ ನಮ್ಮ ದಾವಣಗೆರೆ ಜಿಲ್ಲೆಗೆ ಸೇರಿದ ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು ಅವರಲ್ಲೊಬ್ಬರು. ಒಡೆಯರ್ ಅವರು ಹಿಂದೆ ಗೆದ್ದಿದ್ದ ಅದೇ ಶಿವಮೊಗ್ಗ ಕ್ಷೇತ್ರದಿಂದ 1967ರಲ್ಲಿ ಪಟೇಲರು ಸಮಾಜವಾದಿಯಾಗಿ ಲೋಕಸಭೆಗೆ ಹೋದರು, ಅಲ್ಲಿ ಕನ್ನಡದಲ್ಲಿ ಮಾತನಾಡಿದರು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು ಅವರು ಮುಖ್ಯಮಂತ್ರಿಯಾಗಿದ್ದಾಗಲೇ. ಅದೇ 1967ರಲ್ಲಿ ಸೊರಬದಿಂದ ಸಮಾಜವಾದಿಯಾಗಿ ಗೆದ್ದ ಎಸ್. ಬಂಗಾರಪ್ಪನವರು 1990ರಲ್ಲಿ ಮುಖ್ಯಮಂತ್ರಿಯಾದರು. ನಿಮ್ಮ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಬಂದದ್ದು ಅವರ ಕಾಲದಲ್ಲಿ. ಕಾಗೋಡಿನ ಗೇಣಿದಾರರು ಯಾವ ದೀವರ ಜನರೋ ಬಂಗಾರಪ್ಪನವರೂ ಆ ಜನದವರೇ.

ಅವರು ಕಾಣದ ಫಲ

ಗೋಪಾಲಗೌಡರ ಆರೋಗ್ಯ ಬೇಗ ಕೆಟ್ಟಿತು. 1972ರ ಜೂನ್ 9ರಂದು, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಮೂರು ತಿಂಗಳು ಮೊದಲಷ್ಟೇ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ಗೇಣಿ ಪದ್ಧತಿ ರದ್ದಾಯಿತು. ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು ಅಧಿಭೋಗದ ಹಕ್ಕಿಗಾಗಿ ಅರ್ಜಿ ಹಾಕಬಹುದಾಯಿತು. ತಾಲ್ಲೂಕು ತಾಲ್ಲೂಕಿಗೆ ಭೂ ನ್ಯಾಯಮಂಡಳಿಗಳಾದವು. ನಿಮ್ಮ ಮನೆಯ ಹಿರಿಯರು ನೆನೆಯುವ 7ನೇ ನಮೂನೆ ಅರ್ಜಿ ಇದೇ. ಅದಕ್ಕೆ 1979ರ ಜೂನ್ 30 ಕೊನೆಯ ದಿನವಾಗಿತ್ತು. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚಿನವು ಗೇಣಿದಾರರ ಪರವಾಗಿ ತೀರ್ಮಾನವಾದವು.

1951ರಲ್ಲಿ ಕಾಗೋಡಿನವರು ಅತಿಕ್ರಮಣಕಾರರಾಗಿದ್ದರು. 1974ರಲ್ಲಿ ಅವರು ಕೇಳಿದ್ದೇ ಕಾನೂನಾಯಿತು. ನಡುವೆ ಕಳೆದದ್ದು 23 ವರ್ಷ. ಆ ಗದ್ದೆಯಲ್ಲಿ ಬಂಧಿತನಾದ ಒಬ್ಬ ಯುವಕ ಮುದುಕನಾಗುವ ಹೊತ್ತಿಗೆ ಅವನ ಕೈಗೆ ಪಹಣಿ ಬಂತು. ಕೆಲವರಿಗೆ ಬಾರದೆಯೂ ಹೋಯಿತು. ಗೋಪಾಲಗೌಡರಂತೂ ಅದನ್ನು ಕಣ್ಣಾರೆ ಕಾಣಲಿಲ್ಲ.

ನಮಗೆ ಉಳಿಯುವ ಪಾಠ

ಇದನ್ನು ಓದಿ ಹಳೆಯ ಕಥೆಯೆಂದು ಪತ್ರಿಕೆ ಮಡಚಬೇಡಿ. ಇಂದಿಗೂ ನಮ್ಮ ಭಾಗದಲ್ಲಿ ಭೂಮಿಯನ್ನು ಲಾವಣಿಗೆ, ಕೋರಿಗೆ ಹಿಡಿದು ಉಳುವವರಿದ್ದಾರೆ. ಕಾನೂನಿನಲ್ಲಿ ಗೇಣಿ ಇಲ್ಲದಿರುವುದರಿಂದ ಅವರ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಬೆಳೆ ಹಾಳಾದಾಗ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿರುವವರಿಗೆ. ಬೆವರು ಸುರಿಸಿದವನ ಕೈ ಬರಿದು. ಕಾಗೋಡಿನ ರಸೀದಿಯ ಪ್ರಶ್ನೆ ಬೇರೆ ವೇಷದಲ್ಲಿ ಇನ್ನೂ ಉಳಿದಿದೆ. ಸ್ವಂತ ಭೂಮಿ ಇರುವವರು ಸಹ ವರ್ಷಕ್ಕೊಮ್ಮೆ ಪಹಣಿ ತೆಗೆಸಿ, ಒಡೆತನದ ಕಾಲಂ, ಋಣದ ಕಾಲಂ, ಸಾಗುವಳಿಯ ಕಾಲಂ ಮೂರನ್ನೂ ಓದಿ ನೋಡಿ. ತಂದೆಯ ಹೆಸರಿನಲ್ಲೇ ಉಳಿದಿದ್ದರೆ ಪೌತಿ ಖಾತೆ ಮಾಡಿಸಿಕೊಳ್ಳಿ. ಓದು ಬಾರದವರು ವಾಚನಾಲಯಕ್ಕೆ ತಂದು ಓದಿಸಿಕೊಳ್ಳಲಿ. ಯಾವ ಹಿಡುವಳಿಗಾಗಿ ಜನ ಸೆರೆಮನೆ ಕಂಡರೋ ಅದನ್ನು ಒಂದು ತಪ್ಪು ನಮೂದಿಗಾಗಿ ಕಳೆದುಕೊಳ್ಳಬಾರದು.

ಇನ್ನೊಂದು ಮಾತು. ಭದ್ರಾ ನಾಲೆಯ ಕೊನೆಯ ತೂಬಿನವರಿಗೆ ಚಳವಳಿ ಹೊಸದಲ್ಲ. ನೀರು ಮೇಲೆಯೇ ನಿಂತು ಭತ್ತ ಹಾಲುಗಟ್ಟುವ ಹೊತ್ತಿಗೆ ನೆಲ ಬಿರಿದಾಗ ರಸ್ತೆಗೆ ಇಳಿಯಬೇಕಾಗುತ್ತದೆ. ಇಳಿಯುವಾಗ ಕಾಗೋಡಿನವರನ್ನು ನೆನೆಯಿರಿ. ಅವರು ಹೋದದ್ದು ಲೆಕ್ಕ ಹಿಡಿದು. ಕೊಳಗಕ್ಕೆ ಎಷ್ಟು ಸೇರು ಎಂಬುದು ಅವರಿಗೆ ಗೊತ್ತಿತ್ತು. ನೀವೂ ಯಾವ ದಿನ ನಾಲೆಯ ಗೇಜಿನಲ್ಲಿ ಎಷ್ಟು ನೀರಿತ್ತು, ಸಲಹಾ ಸಮಿತಿ ಎಷ್ಟು ದಿನದ ಸರದಿ ಹೇಳಿತ್ತು, ನಿಮ್ಮ ತೂಬಿಗೆ ಎಷ್ಟು ದಿನ ಬಂತು ಎಂಬುದನ್ನು ಊರಿನ ಒಂದು ಪುಸ್ತಕದಲ್ಲಿ ಬರೆದಿಡಿ. ಬರಿಯ ಕೂಗನ್ನು ಪೊಲೀಸರು ಚದುರಿಸಬಹುದು. ದಿನಾಂಕ ಹಾಕಿ ಬರೆದ ಲೆಕ್ಕವನ್ನು ಚದುರಿಸಲು ಬರುವುದಿಲ್ಲ. ಒಂದು ಕಲ್ಲು ಬಿದ್ದರೆ ಮಾತ್ರ ಮರುದಿನ ಎಲ್ಲರೂ ಕಲ್ಲಿನ ಬಗ್ಗೆ ಮಾತನಾಡುತ್ತಾರೆ, ನೀರಿನ ಬಗ್ಗೆ ಯಾರೂ ಮಾತನಾಡುವುದಿಲ್ಲ.

ಗೋಪಾಲಗೌಡರು ಬಿಟ್ಟುಹೋದ ಆಸ್ತಿ ಯಾವ ಪಹಣಿಯಲ್ಲೂ ಅವರ ಹೆಸರಿನಲ್ಲಿಲ್ಲ. ಅದು ಕರ್ನಾಟಕದ ಲಕ್ಷಾಂತರ ರೈತರ ಪಹಣಿಗಳಲ್ಲಿ ಅವರವರ ಹೆಸರಿನಲ್ಲಿದೆ. ಈ ಮುಂಗಾರಿಗೆ ಮೊದಲ ಸಾಲು ಉಳುವಾಗ ಆ ಹಿರಿಯರನ್ನೂ, ಅವರೊಡನೆ ಗದ್ದೆಗಿಳಿದ ಹೆಸರು ತಿಳಿಯದ ನೂರಾರು ಗೇಣಿದಾರರನ್ನೂ ಒಮ್ಮೆ ನೆನೆಯಿರಿ.